ಡ್ರ್ಯಾಗನ್ನಿನ ಹಲ್ಲು

ತುರೋರಿಯೊಳಗ ಬಸ್ ಪಂಕ್ಚರ್ ಆಗಿ, ಚಹಾದಂಗಡಿ ಟಿವಿ ಮುಂದ ಕೂತಿದ್ದೆ. ಕಾಮೆಡಿ ಸೀರಿಯಲ್‌ನಾಗ ನಾಕು ಮಂದಿ ಚಷ್ಮಾದ ಹುಡುಗರು ಹೆಗಲಿಗೆ ಚಾದರ ಕಟಗೊಂಡು, ದಾಳ ಉರುಳಿಸಿ, "ಡ್ರ್ಯಾಗನ್ ಬಂತು!" ಅಂತ ಚೀರತಿದ್ದರು. ಒಬ್ಬ ಕಥಿ ಹೇಳತಾನ, ಉಳದವರು ವೀರರಾಗತಾರ, ಗೆಲುವು-ಸೋಲು ದಾಳ ಹೇಳತದ; ಆ ಆಟ ನಾನೂ ಆಡತೀನಿ. ಚಾದರ ಯಾರು ಕಟಗೋತಾರ್ರೀ?

"ಹುಚ್ಚ ಹಿಡದದೇನ್ರೀ ಇವರಿಗೆ?" ಬಾಜೂಕ ಕೂತಿದ್ದ ದೇವಣಿಯ ಎತ್ತಿನ ವ್ಯಾಪಾರಿ ಕಾಕಾ ನಕ್ಕರು.

ನನಗ ರೇಗಿತು. ಚೀಲದಾಗಿನ ದಾಳ ಅವರ ಕೈಗಿಟ್ಟೆ. "ನೀವೇ ವೀರರು, ಕಾಕಾ. ಗವಿಯಿಂದ ಡ್ರ್ಯಾಗನ್ ಬಂತು. ಏನ್ ಮಾಡತೀರಿ?"

"ಬಾಯಿ ತಗಸ್ರಿ, ಹಲ್ಲ ನೋಡತೀನಿ."

ಕಾಕಾ ದಾಳ ಉರುಳಿಸಿದರು; ಅದು ಅವರಿಗೇ ಒಲೀತು. ಡ್ರ್ಯಾಗನ್ ಬಾಯಿ ತಗೀಲೇಬೇಕಾತು.

"ಎರಡೇ ಹಲ್ಲು, ಇನ್ನಾ ಹರೇದ್ದದ. ದರ ಹೇಳ್ರಿ," ಅಂದವರೇ, ದನದ ಸಂತಿಯೊಳಗ ಗುಟ್ಟಾಗಿ ದರ ಮಾಡೂ ಹಂಗ ನಮ್ಮಿಬ್ಬರ ಕೈಮ್ಯಾಲ ಟವೆಲ್ ಹೊದಿಸಿ ನನ್ನ ಬೆರಳು ಹಿಡದರು.

ಅಂಗಡಿ ಮಂದಿಯೆಲ್ಲಾ ಟಿವಿ ಬಿಟ್ಟು ನಮ್ಮನ್ನೇ ನೋಡಿ ನಗಲಿಕ್ಕತ್ತಿದ್ದರು. ಟವೆಲಿನ ಕೆಳಗ ಕೈ ಇಟಗೊಂಡು ಅವರಿಗೆ ಹ್ಯಾಂಗ ಹೇಳೋದು, ಈ ಆಟಕ್ಕ ಅರಿವಿ-ಗಿರಿವಿ ಏನೂ ಬೇಕಾಗಂಗಿಲ್ಲ ಅಂತ?