ಅಗಸೆ ಎಣ್ಣೆಯ ಕಪಾಟು

ಬಾಜೂಮನೆ ಕಾಕಾರ ಬಲಗೈ ಹೆಬ್ಬೆರಳು ಸೌಟಿನ ಹಾಗೆ ಚಪ್ಪಟೆ. ಬಣ್ಣ ಬಳಿದ ಹಲಗೆಯ ಮೇಲೆ ಅದನ್ನು ಒತ್ತಿ, ಎತ್ತಿ, ಬೆಳಕಿಗೆ ಹಿಡಿದು, "ಇನ್ನೂ ಹಸಿ ಐತ್ರಿ" ಎನ್ನುತ್ತಿದ್ದರು. ಬೆರಳಿಗೆ ಏನೂ ಹತ್ತಿರುತ್ತಿರಲಿಲ್ಲ.

ಆಗ ನಾನು ಗೋಕಾಕದ ಕಚೇರಿಯಲ್ಲಿ ಕಾರಕೂನ, ಅವರ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ ಒಂಟಿ ಜೀವ. ಕಾಕಾ ಜೈನರು, ಹೆಂಡತಿ ತೀರಿದ ಮೇಲೆ ಅರಿವೆ ಅಂಗಡಿ ಮುಚ್ಚಿದ್ದರು. ಒಬ್ಬಳೇ ಮಗಳನ್ನು ಬೆಲ್ಲದ ಬಾಗೇವಾಡಿಗೆ ಕೊಟ್ಟಿದ್ದರು. ಹಬ್ಬಕ್ಕೆ ಬಂದರೆ ಎರಡೇ ದಿನ, ಹಿಂದೆಯೇ ಗಂಡನ ಮನೆಯ ಬಂಡಿ. ಆ ವರ್ಷ ಕಾಕಾ ಅಂಗಡಿಯ ಹಳೆಯ ಬಾಗಿಲು ಬಿಚ್ಚಿ ಅವಳಿಗೊಂದು ಕಪಾಟು ಬಡಿದರು. ಬಣ್ಣ ಒಣಗುವವರೆಗೆ ಮಗಳು ಇಲ್ಲಿರುವುದು, ಒಣಗಿದ ಮೇಲೆ ಕಪಾಟಿನ ಜೊತೆ ಹೋಗುವುದು: ಅಳಿಯನೊಡನೆ ಹಾಗೆ ಮಾತಾಗಿತ್ತು.

ಬಣ್ಣ ತರಲು ನನ್ನನ್ನೂ ಕರೆದೊಯ್ದರು. ಯುದ್ಧದ ಕಾಲ, ಡಬ್ಬಿಯ ಬಣ್ಣ ಸಿಗುತ್ತಿರಲಿಲ್ಲ. ಪುಡಿ ತಂದು ಕಲಸಿಕೊಳ್ಳಬೇಕು. ಅದಕ್ಕೂ ಮೊದಲು, ಬಣ್ಣ ಹಿಡಿಯಲೆಂದು, ಮರಕ್ಕೆ ಅಸ್ತರ ಬಳಿಯಬೇಕು.

"ಅಸ್ತರಕ್ಕ ಬಡಿಗೇರ ಅಂಟು ಒಯ್ರಿ ಕಾಕಾ. ಮುಂಜಾನಿ ಬಳದ್ರ ಮಧ್ಯಾಹ್ನಕ್ಕ ಒಣಗತೈತಿ" ಎಂದ ಅಂಗಡಿಯವ.

"ಎಲುಬು ಕುದಿಸಿದ್ದು ನಮ್ಮನ್ಯಾಗ ನಡಿಯಾಂಗಿಲ್ಲಪಾ. ಅಗಸಿ ಎಣ್ಣಿ ಕೊಡು."

"ಕಾಸಿದ್ದೋ?"

"ಹಸೀದು."

"ಹಸೀದು ಒಣಗೂದ್ರಾಗ ಮೊಮ್ಮಕ್ಕಳ ಮದುವಿ ಆಕ್ಕಾವ."

"ಆಗ್ಲಿ ಬಿಡು. ಅವಸರೇನೈತಿ."

ಬಣ್ಣದ್ದೂ ಅದೇ ಕಥೆ. ಹಸಿರು ಕಟ್ಟಿಸಿಕೊಂಡು ಬಂದರು, ಮನೆಯಲ್ಲಿ ನೋಡಿ ಕೆಂಪೇ ಛಲೋ ಇತ್ತು ಎಂದರು. ಮರುದಿನ ಮತ್ತೆ ಅಂಗಡಿಗೆ ಹೋದೆವು.

ನನ್ನದು ಹುಟ್ಟಾ ಚಿಂತೆಯ ಸ್ವಭಾವ. ಸ್ವಂತ ಸಂಸಾರವಿಲ್ಲದ್ದರಿಂದ ಮಂದಿಯ ಕಪಾಟಿಗೆ ಚಿಂತಿಸುತ್ತಿದ್ದೆ. ಮಳೆ ಹಿಡಿದರೆ? ಅಳಿಯ ಸಿಟ್ಟಾದರೆ? ಕೊನೆಗೆ ಗೊಂಬೆ ಮಾಡುವವರ ಓಣಿಗೆ ಹೋಗಿ, ಅವರು ಅಸ್ತರಕ್ಕೆ ಬಳಸುವ ಹುಣಸೆ ಬೀಜದ ಅಂಟನ್ನು ಗಡಿಗೆಯಲ್ಲಿ ತಂದೆ. ಜಲ್ದಿ ಒಣಗುತ್ತದೆ, ಯಾವ ಜೀವಕ್ಕೂ ಹಿಂಸೆಯಿಲ್ಲ. ಕಾಕಾರ ಧರ್ಮ, ಅಳಿಯನ ಬಂಡಿ ಎರಡನ್ನೂ ನಾನೊಬ್ಬನೇ ಕಾಪಾಡಿದವನಂತೆ ಅವರ ಪಡಸಾಲೆಯಲ್ಲಿ ನಿಂತೆ.

ಕಾಕಾ ಗಡಿಗೆಯಲ್ಲಿ ಇಣುಕಿ, "ಛಲೋ ಐತಿ... ಆದ್ರೂ ಎಣ್ಣೀನ ಇರ್ಲಿ ಬಿಡ್ರಿ ಕಾರಕೂನರ" ಎಂದು ಹಿತ್ತಲಿಗೆ ಹೋಗಿಬಿಟ್ಟರು.

ಜೋಳ ಹಸನು ಮಾಡುತ್ತಿದ್ದ ಮಗಳು ಮೊರದಿಂದ ಕಣ್ಣೆತ್ತದೆ ಮೆಲ್ಲಗೆ ಹೇಳಿದಳು: "ಅದನ್ನ ಹೊಳ್ಳಿ ಒಯ್ರಿ ಅಣ್ಣಾರ. ಜಲ್ದಿ ಒಣಗಿದ್ರ ಜಲ್ದಿ ಬಂಡಿ ಬರತೈತಿ. ಅಪ್ಪಗ ಅದು ಬ್ಯಾಡಾಗೇತಿ. ನನಗೂ."

ಗಡಿಗೆ ಎತ್ತಿಕೊಂಡು ಬಂದೆ. ಅಂಟನ್ನು ನನ್ನ ಖೋಲಿಯ ಇಲಿಗಳು ತಿಂದು ಮುಗಿಸಿದವು. ಉಪಕಾರ ಪೂರ್ತಿ ವ್ಯರ್ಥವಾಗಲಿಲ್ಲ.

ಕಾಕಾ ಒಂದರ ಮೇಲೊಂದು ಕೈ ಬಣ್ಣ ಬಳಿಯುತ್ತಲೇ ಹೋದರು. ಅವಳು ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆಯಿಂದ ನನಗೂ ಕೇಳುತ್ತಿತ್ತು. ಕಡೆಗೊಂದು ದಿನ ಅಳಿಯನೇ ಬಂದು ಕಪಾಟಿನ ಮೇಲೆ ಅಂಗೈ ಸವರಿದ.

"ಒಣಗೇತಲ್ರಿ ಮಾವಾರ."

"ಒಳಗ ಇನ್ನೂ ಹಸಿ ಐತಿ."

"ನಮ್ಮನ್ಯಾಗ ಒಣಗತೈತಿ ಬಿಡ್ರಿ."

ಕಾಕಾ ಕಪಾಟಿಗೆ ಬಂಡಿಯಲ್ಲಿ ಹುಲ್ಲು ಹಾಸಿ, ಪಕ್ಕದಲ್ಲಿ ಮಗಳಿಗೂ ಹಾಸಿಕೊಟ್ಟರು.

ಅವತ್ತು ನಾನು ಕಚೇರಿಯಿಂದ ಬಂದಾಗ ನನ್ನ ಬಾಗಿಲಲ್ಲಿ ನಿಂತಿದ್ದರು. "ಒಬ್ಬನ ಸಲುವಾಗಿ ಒಲಿ ಹಚ್ಚಾಕ ಬ್ಯಾಸರಾಕ್ಕೈತ್ರಿ. ನಾವು ಕತ್ತಲಾದ ಮ್ಯಾಲೆ ಉಣ್ಣಾಂಗಿಲ್ಲ, ಹೊತ್ತು ಮುಣುಗೂದ್ರಾಗ ಬರ್ರಿ."

ಅವತ್ತು ಹೋದೆ. ಅವರು ಇರುವವರೆಗೂ ಹೋದೆ. ಅನ್ನಕ್ಕೆ ದುಡ್ಡು ಕೊಡಲು ಹೋದರೆ ಬೈಯುತ್ತಿದ್ದರು, ಊಟಕ್ಕೆ ಹೋಗದಿದ್ದರೆ ಇನ್ನೂ ಹೆಚ್ಚು ಬೈಯುತ್ತಿದ್ದರು.

ಕಾಕಾ ತೀರಿ ಬಹಳ ವರ್ಷಗಳಾದವು. ಜೈನನಲ್ಲದ ನಾನು ಈಗಲೂ ಹೊತ್ತು ಮುಳುಗುವ ಮೊದಲೇ ಉಂಡುಬಿಡುತ್ತೇನೆ. ಅದರಿಂದ ರಾತ್ರಿ ಇನ್ನಷ್ಟು ಉದ್ದವಾಗುತ್ತದೆ ಎಂಬುದು ಬೇರೆ ಮಾತು.