ಹೆಡ್‌ಮಾಸ್ತರರ ಕ್ಯಾಶ್‌ಬ್ಯಾಕು

ಮಹಾರಾಷ್ಟ್ರದ ಗಡಿಯೊಳಗಿನ ಸಂಖ ಊರಿನ ನಮ್ಮ ಓಣಿಯಲ್ಲಿ ಯಾರಾದರೂ ದವಾಖಾನೆ ಸೇರಿದರೆ, ನೋಡಲು ಹೋಗುವವರು ಮೋಸಂಬಿಯನ್ನೋ ಬಿಸ್ಕೀಟನ್ನೋ ಒಯ್ಯುವುದು ರೂಢಿ. ನಮ್ಮ ಹೆಡ್‌ಮಾಸ್ತರರು ಮಾತ್ರ ಕ್ರೆಡಿಟ್ ಕಾರ್ಡು ಒಯ್ಯುತ್ತಿದ್ದರು. ಆಗ ಓಣಿಗೆಲ್ಲ ಅದೊಂದೇ ಕಾರ್ಡು. ರೋಗಿಯ ಮುಖ ನೋಡುವ ಮೊದಲೇ ಬಿಲ್ಲು ತುಂಬುವ ಕಿಟಕಿ ಎಲ್ಲಿದೆ ಎಂದು ನೋಡಿ ಬರುತ್ತಿದ್ದರು. ಬಿಲ್ಲನ್ನು ತಮ್ಮ ಕಾರ್ಡಿನಿಂದ ತುಂಬಿ, ಅಷ್ಟೂ ನಗದನ್ನು ಮನೆಯವರಿಂದ ಅಲ್ಲೇ ವಸೂಲು ಮಾಡುತ್ತಿದ್ದರು. ತುಂಬಿದ ಬಿಲ್ಲಿಗೆ ತಕ್ಕಂತೆ ಬ್ಯಾಂಕು ಮರಳಿ ಕೊಡುವ ಕ್ಯಾಶ್‌ಬ್ಯಾಕು ಅವರ ಪಾಲಿಗೆ. "ಬರೂದನ್ನ ಯಾಕ ಬಿಡಬೇಕ್ರಿ?" ಎನ್ನುತ್ತಿದ್ದರು. ಇದನ್ನು ಉಪಕಾರವೆಂದು ತಿಳಿದು ಯಾರಾದರೂ ಕೈಮುಗಿದರೆ ಅದನ್ನೂ ಬಿಡುತ್ತಿರಲಿಲ್ಲ. ಲಗೂನ ಗುಣವಾಗಿ ಮನೆಗೆ ಹೋದವರ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ.

ಒಮ್ಮೆ ಅವರದೇ ಹರ್ನಿಯಾ ಆಪರೇಷನ್ ಆಯಿತು. ಮಿರಜಿನ ದವಾಖಾನೆಗೆ ನಾನೂ ಮೋಸಂಬಿ ಹಿಡಿದು ಹೋಗಿದ್ದೆ. ನಾನು ಹೋದ ದಿನವೇ ಅವರನ್ನು ಮನೆಗೆ ಕಳಿಸುವವರಿದ್ದರು.

"ಮಾವಾರ, ನೀವು ಮಲಕೋರಿ. ನಾನೂ ಕಾರ್ಡ್ ತಗೊಂಡೀನಿ, ಬಿಲ್ ನಾನ ತುಂಬ್ತೀನಿ," ಎಂದು ಅವರ ಅಳಿಯ ಕೆಳಗಿಳಿದ.

ಹೆಡ್‌ಮಾಸ್ತರರು ಹಾಸಿಗೆಯಿಂದ ಜಿಗಿದರು. ಲುಂಗಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿ, ಅಳಿಯನ ಕೈಯಿಂದ ಬಿಲ್ಲು ಕಸಿಯುವಾಗ ಹೊಲಿಗೆ ಬಿಚ್ಚಿತು. ನೆಲದ ಮೇಲೆಯೇ ಕುಸಿದು ಕುಳಿತರು. ಮತ್ತೆ ಹೊಲಿಗೆ ಹಾಕಬೇಕು, ಅದರ ಖರ್ಚು ಬೇರೆ, ಎಂದು ಡಾಕ್ಟರು ಮರಾಠಿಯಲ್ಲಿ ಬೈದರು.

ನೋವಿಗೆ ಹಲ್ಲು ಕಚ್ಚಿದ್ದ ಹೆಡ್‌ಮಾಸ್ತರರು ಅಂಗಿಯ ಜೇಬಿನಿಂದ ಕಾರ್ಡು ತೆಗೆದು ನನ್ನ ಕೈಗೆ ತುರುಕಿದರು.

"ಲಗೂನ ಹೋಗ್ರಿ. ಹೊಲಿಗಿ ಬಿಲ್ಲನ್ನೂ ಅಳ್ಯಾರು ತುಂಬಿಬಿಟ್ಟಾರು!"