ಲೋಗೊಗೆ ಅಂಟಿಸಿದ ಟಿಕಲಿ

ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯ ಬಚ್ಚಲ ಕನ್ನಡಿಯ ಮೇಲೆ ಹಿಂದಿನವರು ಬಿಟ್ಟುಹೋದ ಟಿಕಲಿಯೊಂದು ಕೂತಿತ್ತು. ಪ್ಯಾಕೆಟ್ಟಿನಲ್ಲಿ ಸಿಗುವ, ಹಿಂಬದಿಗೆ ಅಂಟು ಹಚ್ಚಿದ ಕೆಂಪು ಬೊಟ್ಟು. ಉಗುರಿನಿಂದ ಕೆರೆದೆ. ಬೊಟ್ಟು ಬಂತು, ಅಂಟು ಬರಲಿಲ್ಲ. ಯಾರದೋ ಬೆವರು, ಯಾರದೋ ಪೌಡರಿನ ಜಿಡ್ಡು ಉಗುರಿನ ಸಂದಿಗೆ ಸೇರಿತು. ಸೋಪು ಹಚ್ಚಿ ತೊಳೆದು ಮೂಸಿದರೂ ಆ ಹಳಸಲು ವಾಸನೆ ಹೋಗಲಿಲ್ಲ. ಹೇಸಿಗೆಯಾಯಿತು. ಆದರೆ ಟಿಕಲಿಯೆಂದರೆ ನನಗಾಗುವ ಹೇಸಿಗೆ ಈ ಕನ್ನಡಿಯಿಂದ ಶುರುವಾದದ್ದಲ್ಲ... ಅದು ಕಾಕು ಅವರ ಲೋಗೊದಿಂದ ಬಂದದ್ದು.

ಕಾಕು ಪುಣೆಯ ಧನಕವಡಿಯಲ್ಲಿ ನಮ್ಮ ಪಕ್ಕದ ಮನೆಯವರು, ಬೆಳಗಾವಿ ಕಡೆಯವರು. ಚಿಕ್ಕಮ್ಮ ಎನ್ನುವಂತೆ ಕಾಕು ಎನ್ನುತ್ತಿದ್ದೆ. ಚಾಕಣದ ಕಾರ್ಖಾನೆಯಲ್ಲಿದ್ದ ಅವರ ಗಂಡ ನಾನು ಇನ್ನೂ ಚಿಕ್ಕವಳಿದ್ದಾಗಲೇ ತೀರಿಕೊಂಡರು. ಆ ದಿನ ಕಾಕು ಅವರ ಹಣೆ ಒರೆಸಿದವರು ನಮ್ಮ ಕನ್ನಡ ಮಂಡಳಿಯಲ್ಲಿ ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸೊಬ್ಬರು. ಒದ್ದೆ ಬಟ್ಟೆ ಹಿಡಿದು, "ಮಾಡೂದು ಮಾಡಬೇಕಲ್ಲವಾ" ಎನ್ನುತ್ತ ಒರೆಸಿದರಂತೆ. ಅವ್ವ ಅಲ್ಲೇ ನಿಂತಿದ್ದಳು, ಕಡೆಯವರೆಗೂ ಅದನ್ನು ಮರೆಯಲಿಲ್ಲ. ಮುಂದೆ ಪ್ರತಿ ಸಂಕ್ರಾಂತಿಗೂ ಅದೇ ಬಾಯಿ ಅರಿಶಿನ-ಕುಂಕುಮಕ್ಕೆ ಕರೆಯಲು ಬಂದಾಗ ಕಾಕು ಅವರ ಬಾಗಿಲನ್ನು ದಾಟಿಕೊಂಡು ಬಂದು ನಮ್ಮ ಮನೆಯ ಗಂಟೆ ಒತ್ತುತ್ತಿದ್ದರು.

ಕಾಕು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಕೈಯಿಂದಲೇ ಸೂಜಿ ಓಡಿಸಿ ಮಾಡುವ ಹೊದಿಕೆ. ನಾನು ಕಾಲೇಜಿಗೆ ಬರುವ ಹೊತ್ತಿಗೆ ಪುಣೆಯ ಓಣಿ ಓಣಿಗೂ ಇಂಟರ್ನೆಟ್ ಕೆಫೆ ಬಂದಿತ್ತು. ಆನ್‌ಲೈನ್ ಅಂಗಡಿ ತೆರೆಯೋಣ ಎಂದವಳು ನಾನು. ಅದಕ್ಕೊಂದು ಲೋಗೊ ಬೇಕು ಎಂದಾಗ, "ಅಂದ್ರ ಅಂಗಡಿ ಮುಖ ಹೌದಲ್ಲ? ನಾನೇ ತಗೀತೀನಿ" ಎಂದರು. ಹುಟ್ಟಿ ಅದುವರೆಗೆ ರಂಗೋಲಿ ಬಿಟ್ಟು ಏನನ್ನೂ ಬರೆದವರಲ್ಲ. ವಾರಗಟ್ಟಲೆ ಒದ್ದಾಡಿ ಒಂದು ಚಿತ್ರ ಮಾಡಿದರು: ಕೌದಿಯ ಮುಂದೆ ಕೂತ ಹೆಂಗಸು, ತಲೆಯ ಮೇಲೆ ಸೆರಗು, ಎತ್ತಿದ ಕೈಯಲ್ಲಿ ಸೂಜಿ. ಹಣೆ ಖಾಲಿ. ಯಾರ ಮುಖ ಎಂದು ಕೇಳುವ ಅಗತ್ಯವಿರಲಿಲ್ಲ.

ನಾನದನ್ನು ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ ಪ್ರಿಂಟು ತೆಗೆಸಿದೆ. "ನಾಕ್ ಮಂದಿಗೆ ತೋರ್ಸೂಣು. ಎಲ್ಲಿ ತಪ್ಪದ ಹೇಳ್ತಾರ" ಎಂದರು ಕಾಕು. ಮಂಡಳಿಯ ಅಧ್ಯಕ್ಷರ ಹತ್ತಿರ ಊರ ಕನ್ನಡಿಗರ ಇಮೇಲುಗಳೆಲ್ಲ ಇದ್ದವು. ಲೋಗೊ ನೋಡಿ, ಒಪ್ಪಿಗೆಯಾದರೆ ಅಂಗಡಿಯ ವಿಳಾಸವನ್ನು ಎಲ್ಲರಿಗೂ ಕಳಿಸುತ್ತೇನೆ ಎಂದಿದ್ದರು. ಬೇರೆ ಗಿರಾಕಿಗಳು ನಮಗೆಲ್ಲಿಂದ ಬರಬೇಕು? ಆ ಒಂದು ಇಮೇಲು ಹೋದರೆ ಅಂಗಡಿ, ಇಲ್ಲದಿದ್ದರೆ ಇಲ್ಲ. ಹಾಗಾಗಿ ತಿಂಗಳ ಸಭೆಗೆ ಹೋದೆವು.

ಅವಲಕ್ಕಿ ಚೂಡಾದ ತಟ್ಟೆಯ ಜೊತೆಗೇ ಪ್ರಿಂಟುಗಳೂ ಕೈಯಿಂದ ಕೈಗೆ ಹೋದವು. ಎಣ್ಣೆಗೈಯಲ್ಲಿ ಹಿಡಿದು ನೋಡಿದರು. ಎಲ್ಲರೂ ಮೊದಲು ಹೊಗಳಿದರು. ಹೊಗಳಿಕೆ ಎಲ್ಲಿಗೆ ಬಂದು ನಿಲ್ಲುತ್ತದೆಂದು ಕಾಲೇಜಿನ ಡಿಬೇಟಿನಲ್ಲಿ ಪಳಗಿದ ನನ್ನಂಥವರಿಗೆ ಗೊತ್ತಾಗುತ್ತದೆ, "ಆದರೆ" ಎಂಬಲ್ಲಿ.

"ಭಾಳ ಛಂದ ಅದರೀ. ಆದ್ರ ಹಣಿ ಬೋಳ ಬೋಳ ಕಾಣ್ತದ" ಎಂದರು ಒಬ್ಬರು.

ಹಿಂಜವಾಡಿಯಲ್ಲಿ ಕೆಲಸಕ್ಕಿದ್ದ ಬೆಂಗಳೂರಿನ ಯುವಕನೊಬ್ಬ ಅದನ್ನೇ ಇಂಗ್ಲಿಷಿಗೆ ತಿರುಗಿಸಿದ. "ಫೋಕಲ್ ಪಾಯಿಂಟ್ ಮಿಸ್ಸಿಂಗ್ ಮೇಡಂ. ಸೆಂಟರಲ್ಲಿ ಒಂದು ರೆಡ್ ಡಾಟ್ ಕೊಡಿ, ಪಾಪ್ ಆಗುತ್ತೆ."

"ನಮಗೇನಿಲ್ಲ ಬಿಡ್ರಿ. ಗಿರಾಕಿ ಏನಂತಾನ, ಅದನ್ನ ನೋಡಬೇಕಲ್ಲ" ಎಂದರು ಅಧ್ಯಕ್ಷರು.

ಈ "ನಮಗೇನಿಲ್ಲ" ಎನ್ನುವವರನ್ನು ಕಂಡರೆ ನನಗೆ ವಾಕರಿಕೆ ಬರುತ್ತದೆ. ನೇರವಾಗಿ "ವಿಧವೆಯ ಮುಖ ಬೇಡ" ಎಂದಿದ್ದರೆ ಅದಕ್ಕೊಂದು ಉತ್ತರವಾದರೂ ಇತ್ತು. ಇವರು ಮಾತ್ರ ತಮ್ಮ ಅಂಜಿಕೆಯನ್ನು ಇನ್ನೂ ಹುಟ್ಟದ ಒಬ್ಬ ಗಿರಾಕಿಯ ಬಾಯಲ್ಲಿಟ್ಟು, ತಾವು ಚೂಡಾ ತಿನ್ನುತ್ತಿದ್ದರು. ಎದ್ದು ನಿಂತು ಕೇಳಿದೆ. ಆ ಗಿರಾಕಿ ಯಾರು, ಎಲ್ಲಿದ್ದಾನೆ, ಕರೆಸಿ, ನಾನವನನ್ನೇ ಪ್ರಶ್ನೆ ಕೇಳುತ್ತೇನೆ. ಹೊದ್ದು ಮಲಗುವವನಿಗೆ ಹೊಲಿದವಳ ಹಣೆಯಿಂದ ಆಗಬೇಕಾದದ್ದೇನು?

"ಡಿಬೇಟ್ ಇಲ್ಲೆ ಬ್ಯಾಡ ತಾಯಿ. ಗೆದ್ರ ಕೊಡಾಕ ನಮ್ಮ ಕಡೆ ಶೀಲ್ಡ್ ಇಲ್ಲ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ಆ ನಗುವಿನ ನಡುವೆಯೇ ಹಿರಿಯ ಬಾಯಿ ಪರ್ಸು ತೆರೆದರು. ಟಿಕಲಿ ಪ್ಯಾಕೆಟ್ಟು ತೆಗೆದು, ಒಂದನ್ನು ಬಿಡಿಸಿ, ಚಿತ್ರದ ಹೆಂಗಸಿನ ಹಣೆಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು. "ನೋಡ್ರಿ ಈಗ. ಹೆಂಗ ಕಳಿ ಬಂತು." ಯಾರೋ ಚಪ್ಪಾಳೆ ತಟ್ಟಿದರು. ನಾನು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ನಿಜವಾದ ಹಣೆಯಿಂದ ಒರೆಸಿ ತೆಗೆದ ಕೈ ಅದು. ಈಗ ಕಾಗದದ ಹಣೆಗೆ ಔದಾರ್ಯದಿಂದ ದಾನ ಮಾಡುತ್ತಿತ್ತು. ಆ ಹೆಂಗಸಿಗೆ ಇದರಲ್ಲೇನೂ ವಿಚಿತ್ರ ಕಾಣಲಿಲ್ಲ, ಪಕ್ಕದಲ್ಲಿ ಕೂತವರಿಗೂ ಕಾಣಲಿಲ್ಲ.

ಕಾಕು ಎದ್ದು ಹೋಗಿ ಆ ಪ್ರಿಂಟು ಇಸಿದುಕೊಂಡರು. ಉಗುರಿನ ತುದಿಯಿಂದ ಟಿಕಲಿಯನ್ನು ಹರಿಯದಂತೆ ಬಿಡಿಸಿ, ಬಾಯಿಯವರ ಅಂಗೈಯಲ್ಲಿಟ್ಟರು.

"ತೊಗೋರಿ, ನಿಮ್ದು. ಇಲ್ಲೆ ನಿಂದ್ರೂದಿಲ್ಲ ಅದು."

ಅಧ್ಯಕ್ಷರು ಚಹಾ ತರಿಸಿದರು. ಇಮೇಲಿನ ಮಾತು ಮತ್ತೆ ಬರಲಿಲ್ಲ. ಬೆಂಗಳೂರಿನ ಯುವಕ ಮಾತ್ರ ಒಂದು ಪ್ರಿಂಟು ಎತ್ತಿಕೊಂಡು, "ನಾನೇ ಕ್ಲೀನ್ ಮಾಡಿ ಕಳಿಸ್ತೀನಿ" ಎಂದ. ಕಳಿಸಿಯೂ ಕಳಿಸಿದ, ಕೆಂಪು ಚುಕ್ಕೆ ಸಮೇತ, ನನಗೂ ಅಧ್ಯಕ್ಷರಿಗೂ. ನಾವದನ್ನು ಬಳಸಲಿಲ್ಲ.

ಸಭೆಯಿಂದ ಬಸ್ಸಿನಲ್ಲಿ ಬರುವಾಗ ನಾನು ಆಡಬೇಕಾಗಿದ್ದ ಮಾತುಗಳನ್ನೆಲ್ಲ ಇನ್ನೂ ಕುದಿಯುತ್ತ ಆಡುತ್ತಿದ್ದೆ. ಕಾಕು ಕಿಟಕಿಯ ಹೊರಗೆ ನೋಡುತ್ತಿದ್ದವರು ಈ ಕಡೆ ತಿರುಗಿದರು.

"ಅದು ಇರ್ಲಿ ಪೋರಿ. ಚಿತ್ರ ಹೆಂಗದ ಹೇಳು."

ಹೌದಲ್ಲ. ಅಷ್ಟು ಹೊತ್ತಿನಲ್ಲಿ ಹಣೆ ಬಿಟ್ಟು ಚಿತ್ರದ ಬಗ್ಗೆ ಯಾರೂ ಒಂದು ನಿಜವಾದ ಮಾತೂ ಆಡಿರಲಿಲ್ಲ. ನೋಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕೈ ಕೈಯಂತಿಲ್ಲ, ಸೌಟಿನಂತಿದೆ. ಹೊಲಿಯುವ ಬದಲು ಸಾರು ತಿರುವುತ್ತಿದ್ದಾಳೆ ಅನಿಸುತ್ತದೆ. ಕೆಳಗೆ ಬರೆದ ಅಂಗಡಿಯ ಹೆಸರು ಇರುವೆ ಸಾಲಿನಂತಿದೆ.

ಕಾಕು ಪ್ರಿಂಟನ್ನು ದೂರ ಹಿಡಿದು ನೋಡಿದರು. ಆಮೇಲೆ ಸೆರಗು ಬಾಯಿಗೊತ್ತಿ ನಗತೊಡಗಿದರು. ಮುಂದಿನ ಸೀಟಿನವರು ಹಿಂತಿರುಗಿ ನೋಡುವಷ್ಟು ನಕ್ಕರು.

"ಇದನ್ನ ಕೇಳಾಕ ಹೋಗಿದ್ದೆ ನೋಡವಾ ನಾ. ಅಲ್ಲಿ ಇಷ್ಟ ಮಂದಿ ಇದ್ರು, ಒಬ್ರರ ಸೌಟು ಅಂತ ಅಂದ್ರೇನು?"

ಕೈಯನ್ನು ಮತ್ತೆ ಮತ್ತೆ ಬರೆದರು. ತಮ್ಮ ಎಡಗೈಯಲ್ಲಿ ಸೂಜಿ ಹಿಡಿದು, ಅದನ್ನು ನೋಡುತ್ತ ಬಲಗೈಯಲ್ಲಿ ಬರೆದರು. ಕಡೆಗೆ ಬೆರಳುಗಳು ಬಂದವು, ಸೂಜಿಯ ಮೇಲೆ ಒತ್ತಿದ ಹೆಬ್ಬೆರಳೂ ಬಂತು. ಹಣೆ ಹಾಗೆಯೇ ಉಳಿಯಿತು. ಇಮೇಲು ಹೋಗದ ಕಾರಣ ಬಹಳ ದಿನ ಅಂಗಡಿಯತ್ತ ಯಾರೂ ಸುಳಿಯಲಿಲ್ಲ. ಆಮೇಲೆ ಎಲ್ಲಿಂದಲೋ ಒಬ್ಬ ಬಾಣಂತಿ ಕೂಸಿಗೆಂದು ಕೌದಿ ತರಿಸಿಕೊಂಡಳು, ಅವಳು ಇನ್ನೊಬ್ಬಳಿಗೆ ಹೇಳಿದಳು. ಹಣೆಯ ಬಗ್ಗೆ ಯಾವ ಗಿರಾಕಿಯೂ ಕೇಳಲಿಲ್ಲ. ಅಂಗಡಿ ದೊಡ್ಡದೇನೂ ಆಗಲಿಲ್ಲ, ಕಾಕು ಅವರ ಕೈ ನಿಲ್ಲುವತನಕ ನಡೆಯಿತು ಅಷ್ಟೆ... ಆ ಕೈ ಬೇಗನೇ ನಿಂತಿತು. ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ತೀರಿಕೊಂಡ ಮೇಲೆ ಮಂಡಳಿಯವರು ಶ್ರದ್ಧಾಂಜಲಿ ಸಭೆ ಇಟ್ಟರು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು, "ನಮ್ಮ ಹೆಮ್ಮೆಯ ಉದ್ಯಮಿ" ಎಂದು. ಅದರಲ್ಲಿ ಕಾಕು ಅವರ ಲೋಗೊ. ಹತ್ತಿರ ಹೋಗಿ ನೋಡಿದೆ. ಸೌಟಿನಂಥ ಕೈ, ಹಣೆಯಲ್ಲಿ ತಟ್ಟೆಯಷ್ಟಗಲ ಕೆಂಪು ಚುಕ್ಕೆ. ಆ ಯುವಕ ಅಂದು ಕಳಿಸಿದ್ದೇ. ಕಾಕು ತಿದ್ದಿದ್ದು ಅವರ ಬಳಿ ಇರಲಿಲ್ಲ, ತಾವು ತಿದ್ದಿದ್ದನ್ನು ಮಾತ್ರ ಇಟ್ಟುಕೊಂಡಿದ್ದರು. ಹಿರಿಯ ಬಾಯಿ ಮೊದಲ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ನಿಜವಾದದ್ದೇ ಇರಬೇಕು. ಅದೇ ಇನ್ನೂ ಹೆಚ್ಚಿನ ಹೇಸಿಗೆ. ನಾನು ಮಾತಾಡಬೇಕೆಂದು ಕರೆದರು. ಹೋಗಲಿಲ್ಲ. ಯಾರನ್ನು ಗೆಲ್ಲಿಸಲು ಮಾತಾಡಬೇಕಿತ್ತೋ ಅವರೇ ಇರಲಿಲ್ಲ.

ಕನ್ನಡಿಯ ಮೇಲೆ ಅಂಟಿನ ಉಂಗುರ ಇನ್ನೂ ಇದೆ. ಮುಖ ತೊಳೆದು ತಲೆಯೆತ್ತಿದರೆ ನೆಟ್ಟಗೆ ನನ್ನ ಹಣೆಯ ಮೇಲೆ ಬರುತ್ತದೆ, ಒಂದು ಹೆಜ್ಜೆ ಸರಿದು ತಲೆ ಬಾಚಿಕೊಳ್ಳುತ್ತೇನೆ. ಇದನ್ನು ಬರೆದು ಮುಗಿಸಿ ಯಾರಿಗಾದರೂ ತೋರಿಸೋಣ ಅನಿಸಿತು. ಛಂದ ಅದ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಲ್ಲಿ ಸೌಟಾಗಿದೆ ಎಂದು ಇದ್ದ ಹಾಗೆ ಹೇಳಿ, ಅಂದು ಬಸ್ಸಿನಲ್ಲಿ ನಕ್ಕಷ್ಟು ಜೋರಾಗಿ ನನ್ನ ಜೊತೆ ನಗುವವರು ಮಾತ್ರ ಈಗಿಲ್ಲ.